ಮೂರನೆಯ ಅಂಕದ ಅಳು

ಹೊನ್ನಯ್ಯನಿಗೆ ನಾಟಕವನ್ನು ಮನಸ್ಸಿನಲ್ಲೇ ಓದಲು ಬರುತ್ತಿರಲಿಲ್ಲ. ತೊಂದರೆ ಹುಟ್ಟಿದ್ದು ಅಲ್ಲೇ. ಸ್ಕೂಲು ಮೂರನೇ ಕ್ಲಾಸಿಗೆ ಮುಗಿದಿತ್ತು. ಅಕ್ಷರ ಗಟ್ಟಿಯಾದದ್ದು ಜಾವಗಲ್ಲಿನ ನಾಟಕದವರ ಹತ್ತಿರ, ಹೆಣ್ಣು ಪಾರ್ಟು ಕಲಿಯುವಾಗ. ಆಮೇಲೆ ನಲವತ್ತು ವರ್ಷ ತೆಂಗಿನಕಾಯಿ ಸುಲಿದರೂ, ಮಾತಿನ ಮುಂದೆ ಪಾತ್ರದ ಹೆಸರು ಕಂಡರೆ ಸಾಕು, ದನಿ ತಾನಾಗಿ ಮೇಲೇಳುತ್ತಿತ್ತು.

ಹೆಂಡತಿ ದೇವೀರಮ್ಮ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು. "ಎದೆ ಬಹಳ ಸೋತಿದೆ. ಕೆಟ್ಟ ಸುದ್ದಿ ಒಂದೂ ಕಿವಿಗೆ ಬೀಳಬಾರದು, ಬಿದ್ದರೆ ಉಳಿಯೋದು ಕಷ್ಟ. ನಗ್ತಾ ಇರಲಿ" ಎಂದಿದ್ದರು ಅರಸೀಕೆರೆಯ ಡಾಕ್ಟರು. ಪಕ್ಕದ ಮನೆಯ ನಟರಾಜ್ ಮೇಷ್ಟ್ರು ಸ್ಕೂಲಿನ ಬೀರುವಿನಿಂದ ಒಂದು ಪುಸ್ತಕ ತಂದುಕೊಟ್ಟರು. ಇಟಲಿ ದೇಶದ ನಾಟಕ, ಕನ್ನಡಕ್ಕೆ ಮಾಡಿದ್ದು. "ತಮಾಷೆಯದಂತೆ" ಎಂದರು. ಅವರು ಓದಿರಲಿಲ್ಲ.

ತಮಾಷೆಯದೇ. ತನ್ನ ಮೇಲೆ ಯಾರಿಗೆ ಪ್ರೀತಿ ಇದೆ ಎಂದು ನೋಡಲು ಜಾಕೊಮೊ ಎಂಬ ಮುದುಕ ಸತ್ತವನಂತೆ ಮಲಗುತ್ತಾನೆ. ದೇವೀರಮ್ಮ ದಿಂಬಿಗೊರಗಿ ಕಿಸಿಕಿಸಿ ನಗುತ್ತಿದ್ದಳು. ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮೂರನೆಯ ಅಂಕ ಬಂತು. ಮುದುಕನ ಹೆಂಡತಿ ಅಳುವ ಜಾಗ. ಹೊನ್ನಯ್ಯ ಟವೆಲ್ಲನ್ನು ಸೆರಗಿನಂತೆ ತಲೆಗೆ ಹೊದ್ದು ರಾಗ ಎತ್ತಿದ:

"ಅಯ್ಯೋ, ನನ್ನ ಬಿಟ್ಟು ಹೋದೆಯಾ! ಇನ್ನು ಯಾರ ಮುಖ ನೋಡಲಿ!"

ದನಿ ಬೀದಿ ತುದಿಯ ಬೋರ್‌ವೆಲ್ಲಿನವರೆಗೂ ಹೋಯಿತು.

ಎದುರುಮನೆಯ ದ್ಯಾವಮ್ಮ ಉರಿಯುವ ಒಲೆಗೆ ನೀರು ಸುರಿದು ಓಡಿಬಂದಳು. ಸಾವಿನ ಮನೆಗೆ ಹೋಗಿ ಏನಾಯಿತೆಂದು ಕೇಳುವ ಪದ್ಧತಿ ಆ ಬೀದಿಯಲ್ಲಿರಲಿಲ್ಲ. ಮೊದಲು ಅಳಬೇಕು, ಕೇಳುವುದೆಲ್ಲ ಆಮೇಲೆ. ಅವಳು ಜಗಲಿಯಲ್ಲಿ ಕೂತು ಎದೆ ಬಡಿದುಕೊಂಡಳು. ಅವಳ ಪಕ್ಕದ ಮನೆಯ ಮಾದಮ್ಮ ಜೊತೆಗೂಡಿದಳು. ನೋಡನೋಡುತ್ತಿದ್ದಂತೆ ಚಟ್ಟಕ್ಕೆ ಬಿದಿರು ಬಂತು, ತಮಟೆಯವರು ತಮಟೆ ಕಾಯಿಸಲು ಬೆಂಕಿ ಹಾಕಿದರು.

ತನ್ನ ರಾಗದಲ್ಲೇ ಮುಳುಗಿದ್ದ ಹೊನ್ನಯ್ಯ ಕೊನೆಗೆ ಗದ್ದಲ ಕೇಳಿ, ಟವೆಲ್ ಹೊದ್ದೇ ಹೊರಗೆ ಬಂದ. "ಯಾರೂ ಸತ್ತಿಲ್ಲ ಕಣ್ರೇ" ಎಂದು ಪಿಸುಗುಟ್ಟಿದ. ಜೋರಾಗಿ ಹೇಳಿದರೆ ಒಳಗೆ ಕೇಳಿಸಿ ದೇವೀರಮ್ಮನ ಎದೆಯೇ ನಿಂತರೆ?

"ಪಾಪ, ಹೊನ್ನಣ್ಣಂಗೆ ನಂಬಕ್ಕೇ ಆಗ್ತಿಲ್ಲ" ಎಂದು ದ್ಯಾವಮ್ಮ ಮೂಗೊರೆಸಿಕೊಂಡಳು.

"ಇಟಲಿ ನಾಟ್ಕ ಕಣಮ್ಮೀ! ಜಾಕೊಮೊ ಅಂತ ಒಬ್ಬ..."

"ತಲೆ ಕೆಟ್ಟೋಯ್ತು! ಯಾವನ್ದೋ ಹೆಸ್ರು ಹೇಳ್ತಾವ್ನೆ. ಲೇ ಮಾದಿ, ನೀರ್ ತಟ್ಟೇ ನೆತ್ತಿಗೆ!"

ಒಂದು ಕೊಡ ನೀರು ಬಿತ್ತು. ಹೊನ್ನಯ್ಯ ಮಳೆಗೆ ಸಿಕ್ಕ ಬೆದರುಬೊಂಬೆಯಂತೆ ನಿಂತು ತೊಟ್ಟಿಕ್ಕಿದ.

"ಮೇಷ್ಟ್ರನ್ನ ಕೇಳ್ರೇ, ಪುಸ್ತಕ ಕೊಟ್ಟೋರು ಅವ್ರೇ!"

"ಮೇಷ್ಟ್ರು ಆಗ್ಲೇ ಲೂನಾ ಹತ್ಕಂಡ್ ಹಳೇಬೀಡಿಗೆ ಹೋದ್ರು, ದೇವೀರಕ್ಕನ ಅಣ್ಣಂಗೆ ಸುದ್ದಿ ಮುಟ್ಸಕ್ಕೆ."

ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಮೂರು ತಿಂಗಳಿಂದ ಏಳದ ದೇವೀರಮ್ಮ ಬಾಗಿಲುವಾಡ ಹಿಡಿದು ನಿಂತಿದ್ದಳು. ದ್ಯಾವಮ್ಮ ಕಿಟಾರನೆ ಕಿರುಚಿ ಬಿದಿರಿನ ಮೇಲೆ ಬಿದ್ದಳು. ದೇವೀರಮ್ಮ ಬಿದಿರು ನೋಡಿದಳು, ತಮಟೆ ನೋಡಿದಳು, ನೆಂದ ಗಂಡನನ್ನು ನೋಡಿದಳು. ಹೊನ್ನಯ್ಯ ಅವಳನ್ನು ಹಿಡಿಯಲು ಮುಂದೆ ನುಗ್ಗಿದ.

"ನಂಗಾ ಇದು? ಒಸಿ ಉದ್ದ ನೋಡಿ ಕಟ್ರಪ್ಪಾ, ಕಾಲು ಆಚೆ ಬಂದಾತು."

ಬೀದಿಗೆ ಬೀದಿಯೇ ನಕ್ಕಿತು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಂದು ಲೋಟ ಗಂಜಿ ಪೂರ್ತಿ ಕುಡಿದು ಮಲಗಿದಳು. ಯಾವ ಔಷಧಿಯೂ ಮಾಡದ್ದನ್ನು ಈ ಅವಾಂತರ ಮಾಡಿತಲ್ಲ ಎಂದು ಹೊನ್ನಯ್ಯ ದ್ಯಾವಮ್ಮನಿಗೇ ಕೈಮುಗಿದ.

ಮಧ್ಯಾಹ್ನ ಲೂನಾ ವಾಪಸಾಯಿತು. ಮೇಷ್ಟ್ರು ಒಳಗೆ ಬರಲಿಲ್ಲ. ಹೊನ್ನಯ್ಯನೇ ಹೋಗಿ, "ಬನ್ನಿ ಮೇಷ್ಟ್ರೇ, ದೇವೀರಿ ಚೆನ್ನಾಗವ್ಳೆ!" ಎಂದ.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಹೊನ್ನಣ್ಣ... ದೇವೀರಕ್ಕನ ಅಣ್ಣ ಶಿವಯ್ಯನವರು ಹೊಲದಲ್ಲಿದ್ರು. 'ನಿಮ್ಮ ತಂಗಿ ಹೋದ್ರು' ಅಂದೆ. ಹಂಗೇ ಬದುವಿನ ಮೇಲೆ ಕೂತ್ರು. ಆಮೇಲೆ ಏಳ್ಲೇ ಇಲ್ಲ."

ತಮಟೆಯವರಲ್ಲೊಬ್ಬ, ಹಳೇಬೀಡಿಗೆ ಬಸ್ಸು ಎಷ್ಟೊತ್ತಿಗೆ ಎಂದು ಮೆಲ್ಲಗೆ ವಿಚಾರಿಸಿದ.

ಹೊನ್ನಯ್ಯ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಆದರೂ ಅಳು ತಡೆಯದೆ ಹೊರಬಿತ್ತು.

ಒಳಗಿನಿಂದ ದೇವೀರಮ್ಮ ನಗುತ್ತ ಕೂಗಿದಳು: "ಏನೂಂದ್ರೆ, ಅಳೋದ್ನ ಆಗ್ಲೇ ಓದಿದ್ರಲ್ಲ. ಮುಂದಕ್ಕೆ ಓದಿ!"