ಹೋಮ್ ಥಿಯೇಟರಿಗೆ ವೈರು ಆರಿಸಿದ್ದು

ನಾನು ಒಂದು ಸಾಮಾನು ತಂದು, ನೆಟ್ಟಗೆ ಜೋಡಿಸಿ, ಸುಮ್ಮನೆ ಕೂತು ನೋಡಿದೆ ಅನ್ನುವುದು ವಾಡಿಯ ನಮ್ಮ ಮನೆಯಲ್ಲಿ ಇದುವರೆಗೂ ಆಗಿಲ್ಲ. ನಡುವೆ ಏನಾದರೊಂದು ನಗೆಪಾಟಲು ಆಗಲೇಬೇಕು. ನಿವೃತ್ತನಾದ ಮೇಲೆ ಅವನ್ನೆಲ್ಲ ನೆನೆದು ಒಬ್ಬನೇ ನಗುತ್ತ ಕೂತಿರುತ್ತೇನೆ. ನೋಡಿದವರು ಮನೆಯವಳನ್ನು ಕೇಳುತ್ತಾರೆ, ಆರಾಮ ಅದಾರೇನ್ರಿ ಅಂತ.

ಊರಿಗೆ ಡಿವಿಡಿ ಹೊಸದಾಗಿ ಬಂದಿದ್ದ ಕಾಲ. ಮಗಳಿಗೆ ಸೇಡಂ ಕಡೆಯ ಸಂಬಂಧ ಕೂಡಿಬಂದಿತ್ತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗನ ತಂದೆ ಬಂದು ಹೂಂ ಅನ್ನುವುದೊಂದು ಬಾಕಿ. ಅವರಿಗೆ ಸಂಗೀತದ ಹುಚ್ಚು ಭಾಳ ಅಂತ ಸುದ್ದಿ. ಭಾನುವಾರ ಅವರು ಬರುವುದರೊಳಗೆ ನಮ್ಮ ಪಡಸಾಲೆಯಲ್ಲಿ ಹೋಮ್ ಥಿಯೇಟರ್ ಹಾಡಬೇಕು ಅಂತ ಹಟ ಹಿಡಿದೆ. ಸೆಟ್ ಬಂತು. ಡಿವಿಡಿಯಿಂದ ಸ್ಪೀಕರಿನ ಪೆಟ್ಟಿಗೆಗೆ ಸದ್ದು ಒಯ್ಯುವ ವೈರು ಮಾತ್ರ ಬೇರೆ ಕೊಳ್ಳಬೇಕಂತೆ.

ಬಂಗಾರದ್ದು

ಶಹಾಬಾದಿನ ಅಂಗಡಿಯವರು ಒಂದು ವೈರು ತೋರಿಸಿ, ತುದಿಗೆ ಬಂಗಾರದ ಮುಲಾಮು ಹಾಕ್ಯಾರ, ಜಂಗು, ತುಕ್ಕು ಹಿಡಿಯಂಗಿಲ್ಲ ಅಂತ ಹೊಗಳಿದರು. ವಿಚಾರ ಮಾಡುತ್ತೇನೆ ಅಂತ ಹೇಳಿ ಬಂದು ಮನೆಯವಳ ಮುಂದೆ ಅದೆಲ್ಲ ಒಪ್ಪಿಸಿದೆ. ಆಕೆಗೆ ಕೇಳಿಸಿದ್ದು ಬಂಗಾರ ಅನ್ನುವುದೊಂದೇ. ಹುಡುಗಿಗೆ ಕಿವಿಯಾಗಿಂದು ಇನ್ನೂ ತಂದಿಲ್ಲ, ಟೀವಿಗೆ ತರಾಕ ಹೊಂಟೀರಿ ಅಂದಳು. ಅದು ಪೆಟ್ಟಿಗೆಯ ಹಿಂದೆ ಹೋಗುವುದು, ಯಾರಿಗೂ ಕಾಣುವುದಿಲ್ಲ ಅಂತ ಸಮಾಧಾನ ಮಾಡಿದೆ.

"ತರೋದಿದ್ರ ತರ್ರಿ. ಆದ್ರ ಬೀಗರಿಗೆ ಕಾಣೋಹಂಗ ಮುಂದ ಹಾಕ್ರಿ."

ಬೆಳಕಿನದ್ದು

ಇನ್ನೊಂದು ಜಾತಿ ಇದೆ, ಆಪ್ಟಿಕಲ್ ಕೇಬಲ್ ಅಂತ. ಅದರೊಳಗೆ ಕರೆಂಟಿನ ಬದಲು ಬೆಳಕೇ ಹರಿದು ಸದ್ದಾಗುತ್ತದೆ. ಕಾಲೇಜಿನಲ್ಲಿ ವಿಜ್ಞಾನ ಓದಿದವನು, ಬೆಳಕು ಅಂದ ಕೂಡಲೇ ಮರುಳಾದೆ. ಬಂಗಾರದ ತಕರಾರೂ ಇಲ್ಲ. ಕಲಬುರಗಿಗೆ ಹೊರಟಿದ್ದ ಮನೆಯವಳ ತಮ್ಮನಿಗೆ ತರಲು ಹೇಳಿದೆ. ಸಂಜೆ ಒಂದು ಸಣ್ಣ ಪೊಟ್ಟಣ ತಂದು ಕೈಗಿಟ್ಟ. ಬಿಚ್ಚಿದರೆ, ಚಸ್ಮಾವನ್ನು ಕೊರಳಿಗೆ ಜೋತುಹಾಕಿಕೊಳ್ಳುವ ಕರೀ ದಾರ. ಬೋರ್ಡಿನ ಮೇಲೆ ದೊಡ್ಡದಾಗಿ ಆಪ್ಟಿಕಲ್ಸ್ ಅಂತ ಬರೆದಿತ್ತು, ಅಲ್ಲೇ ಹೊಕ್ಕೆ ಅಂದ. ಟೀವಿಗೆ ಬೇಕು ಅಂತ ಹೇಳಲಿಲ್ಲವೇನೋ ಅಂದೆ.

"ಹೇಳ್ದೆ ಭಾವ. ಟೀವಿ ಭಾಳ ನೋಡೋರಿಗೆ ಇದು ಬೇಕೇ ಬೇಕು ಅಂದ್ರು."

ಗಂಡು

ಕಡೆಗೆ ಶಹಾಬಾದಿನಿಂದಲೇ ಬಂಗಾರವಿಲ್ಲದ ಸಾದಾ ವೈರು ತರಿಸಿದೆ. ಈ ಧಂದೆಯಲ್ಲಿ ಮುಳ್ಳಿರುವ ತುದಿಗೆ ಗಂಡು ಅನ್ನುತ್ತಾರೆ, ತೂತಿಗೆ ಹೆಣ್ಣು. ನಮ್ಮ ಎರಡೂ ಪೆಟ್ಟಿಗೆಗೆ ಇದ್ದದ್ದು ತೂತು. ವೈರಿನ ಮುಳ್ಳು ಸಡಿಲಾಗಿ, ಹಾಡಿನ ಬದಲು ಬರೀ ಗುರ್ ಅನ್ನುವ ಸದ್ದು. ನನಗೊಂದು ಫೋನ್ ಮಾಡಿರಿ ಅಂತ ಅಂಗಡಿಯವರಿಗೆ ಹೇಳಿ ಕಳಿಸಿದ್ದೆ. ಅವರು ಮಾಡಿದ್ದು ಭಾನುವಾರ, ಬೀಗರು ಮಗನನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ಉಪ್ಪಿಟ್ಟಿನ ತಾಟು ಹಿಡಿದು ಕೂತ ಮೇಲೆ. ಫೋನು ಇದ್ದದ್ದು ಪರದೆಯ ಆಚೆಯ ಕೋಣೆಯಲ್ಲಿ. ಫೋನಿನಲ್ಲಿ ಒದರಿ ಮಾತಾಡುವುದು ನನ್ನ ಹಳೆಯ ರೂಢಿ.

"ನಮ್ಮಲ್ಲಿ ಇರೋವು ಎರಡೂ ಹೆಣ್ಣರಿ. ಗಂಡು ಬೇಕಂತ ಮೊದಲೇ ಹೇಳಿದ್ದೆ. ನೀವು ಕಳಿಸಿದ ಗಂಡು ಭಾಳ ಸಡಿಲ ಅದ. ಕುಂದ್ರಿಸಿದ್ರ ಕುಂದ್ರಂಗಿಲ್ಲ, ಬರೇ ಗುರ್ ಅಂತದ. ಬದಲು ಮಾಡಿ ಕೊಡ್ರಿ."

ಹೊರಗೆ ಬಂದೆ. ಚಮಚದ ಸಪ್ಪಳ ನಿಂತಿತ್ತು. ಹುಡುಗ ಬೆನ್ನು ನೆಟ್ಟಗೆ ಮಾಡಿಕೊಂಡು, ಕುರ್ಚಿಗೆ ಬಿಗಿಯಾಗಿ ಅಂಟಿ ಕೂತಿದ್ದ. ಅಡಿಗೆಮನೆಯ ಬಾಗಿಲಲ್ಲಿ ಮಗಳ ಮುಖ ಬಿಳಿಚಿಹೋಗಿತ್ತು. ನಾನು ಪೆಟ್ಟಿಗೆಯ ಹಿಂದಿನ ವೈರು ಕಿತ್ತು ತಂದು, ಯಾವುದು ಗಂಡು, ಯಾವುದು ಹೆಣ್ಣು ಅಂತ ತೋರಿಸಿ ತೋರಿಸಿ ವಿವರಿಸಿದೆ. ಹುಡುಗನ ತಂದೆ ವೈರು ಕೈಗೆ ತೆಗೆದುಕೊಂಡು ಆ ತುದಿಯನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು. ಸಂಬಂಧ ಕೈತಪ್ಪಿತು ಅಂದುಕೊಂಡೆ. ಅವರು ಒಂದು ಚಮಚ ಉಪ್ಪಿಟ್ಟು ತಿಂದು, ನಿಧಾನಕ್ಕೆ ಹೇಳಿದರು:

"ಸಡಿಲ ಅದಾನ, ಖರೆ. ಆದ್ರ ಬದಲು ಮಾಡಿ ಕೊಡೋದು ನಮ್ಮಲ್ಲಿ ಇಲ್ರಿ ರಾಯರ, ಇರೋದು ಒಂದೇ ಗಂಡು. ಮುಹೂರ್ತ ತೆಗಸ್ರಿ."