ಮಾವನ ಕಾರನ್ನು ಮಾರಹೊರಟದ್ದು

ಹಳೆ ಕಾರು ಇಟ್ಟುಕೊಂಡವನಿಗೆ ಸಿನಿಮಾ, ನಾಟಕ ಯಾವುದೂ ಬೇಡ ಮಾರಾಯ್ರೆ. ಬೆಳಿಗ್ಗೆ ಎಂಟೂವರೆಗೆ ಕೀಲಿ ತಿರುಗಿಸಿದರೆ ಸಾಕು, ದಿನಕ್ಕೊಂದು ಪ್ರಸಂಗ ತಾನಾಗಿ ಶುರುವಾಗ್ತದೆ. ನನಗೆ ಹಾಗೆ ಐದಾರು ವರ್ಷ ಪುಕ್ಕಟೆ ಮನರಂಜನೆ ಸಿಕ್ಕಿತು.

ಎಂಬತ್ತರ ದಶಕದ ಮಾತು. ನಾನು ಬಲ್ಮಠದ ಒಂದು ಕಾಲೇಜಿನಲ್ಲಿ ಮೇಷ್ಟ್ರು, ಹೆಂಡತಿ ಅಲ್ಲೇ ಪಕ್ಕದ ಒಂದು ಆಫೀಸಿನಲ್ಲಿ. ಮನೆ ದೇರೆಬೈಲಿನಲ್ಲಿ. ಕಾರು ಸೋದರಮಾವನದ್ದು. ನಮ್ಮಲ್ಲಿ ಮಾವನ ಸೊತ್ತು ಮಗನಿಗಲ್ಲ, ಸೋದರಳಿಯನಿಗೆ ಬರುವ ಕ್ರಮ. ಕಾನೂನು ಬದಲಾದರೂ ಮಾವ ಬದಲಾಗಲಿಲ್ಲ. ಎಪ್ಪತ್ತರ ದಶಕದ ಸುರುವಿಗೆ ಹೊಸದಾಗಿ ಕೊಂಡು, ಹತ್ತು ವರ್ಷ ಗತ್ತಿನಲ್ಲಿ ಓಡಾಡಿ, ಒಂದು ದಿನ ಕೀಲಿ ನನ್ನ ಕೈಯಲ್ಲಿಟ್ಟು "ಇನ್ನು ನೀನು ನೋಡ್ಕೊ" ಅಂದರು. ಬಲ್ಮಠದಲ್ಲಿ ಅವರಿಗೊಂದು ಹೋಟೆಲು ಉಂಟು. ಪಕ್ಕದ ಮನೆಯವರಾದ್ದರಿಂದ ದಿನಾ ಬೆಳಿಗ್ಗೆ ನಮ್ಮ ಹಿಂದಿನ ಸೀಟಿನಲ್ಲಿ ಅವರ ಸವಾರಿ.

ಗಂಡ ಹೆಂಡತಿ ವೈಪರ್

ಜೂನ್ ತಿಂಗಳಲ್ಲಿ ವೈಪರಿನ ಮೋಟಾರು ಸುಟ್ಟು ಹೋಯಿತು. ಹೊಸ ಮೋಟಾರು ಬೊಂಬಾಯಿಯಿಂದ ಬರಬೇಕು, ಬರಲಿಕ್ಕೆ ತಿಂಗಳು ಬೇಕು. ಕೂಳೂರಿಗೆ ಹೋಗುವ ದಾರಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡ ನಮ್ಮ ಮೆಕ್ಯಾನಿಕನ ಹತ್ತಿರ ಹೋದೆ. ಎಂತಹ ಮನುಷ್ಯ ಅಂತೀರಿ! ಕಾರನ್ನು ಕಣ್ಣಿನಿಂದ ನೋಡುವವನೇ ಅಲ್ಲ. ಬೆನ್ನು ಹಾಕಿ ಚಾ ಕುಡಿಯುತ್ತಾ, ಬರುವ ಶಬ್ದ ಕೇಳಿಯೇ "ಮೂರನೇ ಪ್ಲಗ್ಗು" ಅನ್ನುತ್ತಿದ್ದ. ತೆಗೆದು ನೋಡಿದರೆ ಮೂರನೇದೇ.

"ಮಾರಿಬಿಡುವುದಾ, ರಿಪೇರಿ ಮಾಡುವುದಾ?" ಎಂದು ಕೇಳಿದೆ.

"ಮಾರುವುದು ಎಂತಕ್ಕೆ ಸರ್? ಹಗ್ಗ ಉಂಟಲ್ಲ" ಅಂದ.

ಎರಡು ವೈಪರಿಗೂ ಸಪೂರ ಹಗ್ಗ ಕಟ್ಟಿ, ಒಂದು ತುದಿ ನನ್ನ ಕಿಟಕಿಯಿಂದ, ಇನ್ನೊಂದು ತುದಿ ಹೆಂಡತಿಯ ಕಿಟಕಿಯಿಂದ ಒಳಗೆ ತಂದ. ನಾನು ಎಳೆದರೆ ಬಲಕ್ಕೆ, ಅವಳು ಎಳೆದರೆ ಎಡಕ್ಕೆ. ಹೀಗೆ ಇಡೀ ಮಳೆಗಾಲ ಮೊಸರು ಕಡೆದ ಹಾಗೆ ಎಳೆದುಕೊಂಡು ಹೋದೆವು. ಮನೆಯಲ್ಲಿ ಜಗಳ ಆದ ದಿನ ಗಾಜು ಒರೆಸುವವರಿಲ್ಲ. ಹಿಂದೆ ಕುಳಿತ ಮಾವನೇ ರಾಜಿ ಪಂಚಾಯ್ತಿಕೆ ಮಾಡಬೇಕು.

ಒಂದು ದಿನ ಬಲ್ಮಠದಲ್ಲಿ ಟ್ರಾಫಿಕ್ ಪೋಲೀಸ್ ಕೈ ಅಡ್ಡ ಹಿಡಿದ. ಕೆಲಸ ಕೆಟ್ಟಿತು ಅಂದುಕೊಂಡೆ. ಅವನು ಮಳೆಯಲ್ಲಿ ನಿಂತು ಎರಡು ನಿಮಿಷ ನಮ್ಮ ಹಗ್ಗದಾಟ ನೋಡಿದ. ಆಮೇಲೆ ಬಗ್ಗಿ, ಭಾರೀ ಗಂಭೀರವಾಗಿ ಹೇಳಿದ: "ಮೇಡಂ ಸರಿಯಾಗಿ ಎಳೀತಾರೆ. ನಿಮ್ಮದೇ ಸ್ವಲ್ಪ ಲೂಸ್ ಉಂಟು ಸರ್."

ಕೂಳೂರು ಸಂಕದಲ್ಲಿ ರೈಟ್

ಹೆಂಡತಿಯ ತವರು ಕೂಳೂರು ಹೊಳೆಯ ಆಚೆ. ಒಂದು ಭಾನುವಾರ ಅಲ್ಲಿ ಊಟ ಮುಗಿಸಿ ಬರುವಾಗ ಕಾರು ಸರಿಯಾಗಿ ಹೊಳೆ ದಾಟುವ ಸಂಕದ ಮಧ್ಯ ನಿಂತಿತು. ಹಿಂದೆ ಒಂದು ಸರ್ವೀಸ್ ಬಸ್ಸು. ನಮ್ಮೂರಿನ ಬಸ್ಸಿನವರಿಗೆ ಪ್ರಾಣ ಹೋದರೂ ಟೈಮಿಂಗ್ ಹೋಗಬಾರದು. ಕಂಡಕ್ಟರು ಹಾರಿ ಇಳಿದು, ಹತ್ತು ಮಂದಿ ಪ್ರಯಾಣಿಕರನ್ನು ಇಳಿಸಿ ಕಾರು ದೂಡಿಸಿದ. ಅಂಥ ವ್ಯವಸ್ಥೆ ನಮ್ಮ ಕಾಲೇಜಿನಲ್ಲೂ ನಾನು ಕಂಡಿಲ್ಲ! ಹೆಂಡತಿಯೂ ಇಳಿದು ಸೆರಗು ಸಿಕ್ಕಿಸಿ ಕೈ ಹಾಕಿದಳು.

ಎಂಜಿನು ಗುರ್ ಅಂದಿತು. ಕಂಡಕ್ಟರು ಅಭ್ಯಾಸಬಲದಿಂದ ನನ್ನ ಕಾರಿನ ತಲೆಗೆ ಎರಡು ಬಡಿದು "ರೈಟ್, ಪೋಯಿ!" ಎಂದು ಕೂಗಿ ಸೀಟಿ ಊದಿದ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಓಡಾಡಿದವ ನಾನು. ಸೀಟಿ ಕೇಳಿದ ಮೇಲೆ ನಿಲ್ಲುವುದುಂಟೇ? ಗೇರು ಹಾಕಿ ಹೊರಟೇ ಬಿಟ್ಟೆ.

ಅರ್ಧ ಮೈಲು ದಾಟಿದ ಮೇಲೆ "ಸೆಕೆ ಆಗ್ತದೆ, ಅಲ್ವಾ?" ಎಂದು ಪಕ್ಕಕ್ಕೆ ತಿರುಗಿದರೆ ಸೀಟು ಖಾಲಿ. ಅಷ್ಟರಲ್ಲಿ ಅದೇ ಬಸ್ಸು ಹಾರ್ನು ಬಾರಿಸುತ್ತಾ ನನ್ನನ್ನು ದಾಟಿತು. ಕಿಟಕಿಯ ಪಕ್ಕ ನನ್ನ ಹೆಂಡತಿ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮನೆ ಮುಟ್ಟುವಾಗ ಅವಳು ಚಾ ಕುಡಿದು ಮುಗಿಸಿ, "ಒಂದೋ ಆ ಕಾರು, ಇಲ್ಲ ನಾನು. ಯಾವುದನ್ನು ಬದಲಿಸ್ತೀರಿ ಅಂತ ಈಗಲೇ ಹೇಳಿ" ಅಂದಳು.

ರಿಪೇರಿಗೆ ಯಾರದ್ದು, ಮಾರಲಿಕ್ಕೆ ಯಾರದ್ದು

ಪುಣ್ಯಕ್ಕೆ ಅದೇ ವಾರ ಟಪಾಲಿನಲ್ಲಿ ಕಾಗದ ಬಂತು. ಆಗೆಲ್ಲ ಹೊಸ ಕಾರು ಬೇಕಾದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಹೊಸ ನಮೂನೆಯ ಸಣ್ಣ ಕಾರಿಗೆ ನಾನು ಎಂದೋ ಹೆಸರು ಕೊಟ್ಟಿದ್ದೆ. "ನಿಮ್ಮ ಸರದಿ ಬಂದಿದೆ, ಒಂದು ತಿಂಗಳೊಳಗೆ ಒಪ್ಪಿಗೆ ತಿಳಿಸಿ, ಇಲ್ಲದಿದ್ದರೆ ಮುಂದಿನವರಿಗೆ." ಹೆಂಡತಿ ಆ ಕಾಗದವನ್ನು ದೇವರ ಫೋಟೋದ ಎದುರು ಇಟ್ಟು ಕೈ ಮುಗಿದಳು.

ಆದರೆ ಹಳೆಯದು ಹೋಗದೆ ಹೊಸದು ಬರುವ ಹಾಗಿಲ್ಲ. ಅಂಗಳದಲ್ಲಿ ಇದ್ದದ್ದು ಒಂದೇ ಕಾರಿನ ಜಾಗ, ಆರ್.ಸಿ. ಪುಸ್ತಕ ಇದ್ದದ್ದು ಮಾವನ ಹೆಸರಿನಲ್ಲಿ. ಧೈರ್ಯ ಮಾಡಿ ಮಾವನ ಹತ್ತಿರ ಹೋದೆ.

"ಗೇರ್ ಬಾಕ್ಸ್ ಹೋಗ್ತಾ ಉಂಟು ಮಾವ."

"ನಿನ್ನ ಕಾರು. ನೀನು ಸರಿ ಮಾಡ್ಸು."

"ಮಾಡಿಸಿ ಪ್ರಯೋಜನ ಇಲ್ಲ. ಮಾರುವ ಅಂತ."

ಮಾವ ಪೇಪರು ಕೆಳಗಿಟ್ಟರು. "ನನ್ನ ಕಾರು ಮಾರಲಿಕ್ಕೆ ನೀನು ಯಾರು?"

ಮೂರು ವಾರ ಹೋಯಿತು. ಅಮ್ಮ ಹೇಳಿದರು, ಮಾವ ಕೇಳಲಿಲ್ಲ. ಅತ್ತೆ ಹೇಳಿದರು, ಕೇಳಲಿಲ್ಲ. ಹೆಂಡತಿ ಆಫೀಸಿಗೆ ಬಸ್ಸಿನಲ್ಲೇ ಹೋಗತೊಡಗಿದಳು. ದಿನಾ ಸಂಜೆ ಬಂದು ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ಕಾಗದದ ವಾಯಿದೆ ಮುಗಿಯಲಿಕ್ಕೆ ಐದು ದಿನ ಉಳಿಯಿತು.

ಹಿಡಿ

ಒಂದು ವಿಷಯ ಹೇಳಲಿಕ್ಕೆ ಬಿಟ್ಟೆ. ಮಾವ ಕೂರುವ ಕಡೆಯ ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಹಿಡಿ ಮುರಿದು ವರ್ಷಗಳಾಗಿದ್ದವು. ಹಾಗಾಗಿ ಹೋಟೆಲಿನ ಎದುರು ಕಾರು ನಿಂತ ಕೂಡಲೇ ಮ್ಯಾನೇಜರು ಕೌಂಟರಿನಿಂದ ಓಡಿ ಬಂದು, ಬಗ್ಗಿ, ಹೊರಗಿನಿಂದ ಬಾಗಿಲು ತೆರೆಯುತ್ತಿದ್ದರು. ಮಾವ ಪಂಚೆಯ ಚುಂಗು ಹಿಡಿದು ನಿಧಾನಕ್ಕೆ ಇಳಿಯುತ್ತಿದ್ದರು. ಎದುರುಗಡೆಯ ಹೋಟೆಲಿನ ಮಾಲಿಕರು ಗಲ್ಲೆಯಲ್ಲಿ ಕೂತು ಅದನ್ನು ದಿನಾ ನೋಡುತ್ತಿದ್ದರು. ಪಾಪ, ಅವರ ಕಾರಿನ ಬಾಗಿಲನ್ನು ಅವರೇ ತೆರೆದುಕೊಳ್ಳಬೇಕಿತ್ತು.

ಕಾರು ಹೋಗುವ ಸುದ್ದಿ ಮೆಕ್ಯಾನಿಕನ ಕಿವಿಗೆ ಬಿದ್ದು ಅವನಿಗೆ ಬೇಜಾರಾಯಿತು. "ಹೋಗುವುದಾದರೆ ಕೊರತೆ ಇಲ್ಲದೆ ಹೋಗಲಿ" ಎಂದು, ನಾನು ಹೇಳದೆಯೇ ಆ ಹಿಡಿ ಸರಿ ಮಾಡಿಕೊಟ್ಟ. ಮರುದಿನ ಹೋಟೆಲಿನ ಎದುರು ನಿಂತಾಗ ಮ್ಯಾನೇಜರು ಒಳಗೆಲ್ಲೋ ಇದ್ದರು.

"ಮಾವ, ಈಗ ಒಳಗಿನಿಂದ ತೆರೀತದೆ. ಎಳೀರಿ" ಅಂದೆ.

ಮಾವನ ಮುಖ ಕೆಂಪಾಯಿತು. "ಸರಿ ಮಾಡ್ಲಿಕ್ಕೆ ಯಾರು ಹೇಳಿದ್ದು?" ಎಂದು ಗದರಿ, ಹಿಡಿ ಮುಟ್ಟದೆ ಕೂತರು. ಆಮೇಲೆ ಸಣ್ಣ ಸ್ವರದಲ್ಲಿ ಕೇಳಿದರು: "ಹೊಸ ಕಾರಿನಲ್ಲಿ ಹೇಗೆ ಇಳಿಯುವುದು?"

"ಒಳಗಿನ ಹಿಡಿ ಎಳೆದರಾಯಿತು."

"ಅದೇ" ಅಂದರು ಮಾವ. "ಬೊಂಬಾಯಿಯಲ್ಲಿ ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಂತು ಹದಿನೈದು ವರ್ಷ ಕಂಡಕಂಡವರ ಕಾರಿನ ಬಾಗಿಲು ತೆಗೆದವ ನಾನು. ನನ್ನದನ್ನು ಒಬ್ಬರು ತೆಗೆಯುವುದು ಬೇಡವಾ?"

ಹದಿನೈದು ವರ್ಷ ಬಗ್ಗಿದ ಮನುಷ್ಯ ಸ್ವಂತ ಹೋಟೆಲು ಕಟ್ಟಿ ತಲೆ ಎತ್ತಿ ನಿಂತಿದ್ದಾರೆ. ಅವರು ಕೇಳಿದ್ದು ಒಂದು ಬಾಗಿಲು. "ಹೊಸದಕ್ಕೂ ಒಳಗೆ ಹಿಡಿ ಇಲ್ಲದ ಹಾಗೆ ಮಾಡಿಸ್ತೇನೆ ಮಾವ" ಅಂದೆ.

"ಸತ್ಯವಾಗಿ?"

"ಸತ್ಯವಾಗಿ."

ನಾನು ಮೂರು ವಾರದಿಂದ ಕಾರಿನಲ್ಲೇ ಇಟ್ಟುಕೊಂಡಿದ್ದ ಮಾರಾಟದ ಕಾಗದಕ್ಕೆ ಮಾವ ಅಲ್ಲೇ, ಕಾರಿನಲ್ಲೇ ಕೂತು ಸೈನು ಹಾಕಿದರು.

ಹೊಸ ಕಾರು ಬಂದ ಮರುದಿನವೇ, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದೆ, ಮೆಕ್ಯಾನಿಕನ ಶೆಡ್ಡಿಗೆ ಒಯ್ದು "ಹಿಂದಿನ ಎಡಗಡೆಯ ಬಾಗಿಲಿನ ಒಳಗಿನ ಹಿಡಿ ಕಿತ್ತು ಹಾಕು ಮಾರಾಯ" ಅಂದೆ. ಅವನು ಕಾರನ್ನು ನೋಡಿದ, ನನ್ನನ್ನು ನೋಡಿದ, ಹಣೆ ಮುಟ್ಟಿ ಜ್ವರ ಉಂಟಾ ಎಂದು ಕೇಳಿದ. ಕತೆ ಹೇಳಿದ ಮೇಲೆ ಸ್ಕ್ರೂಡ್ರೈವರ್ ತೆಗೆದ.

ಮರುದಿನ ಬಲ್ಮಠದಲ್ಲಿ ಹೊಸ ಕಾರು ನಿಂತಿತು. ಮ್ಯಾನೇಜರು ಓಡಿ ಬಂದು ಬಾಗಿಲು ತೆರೆದರು, ಮಾವ ಇಳಿದರು. ಎದುರಿನ ಹೋಟೆಲಿನವರು ಗಲ್ಲೆ ಬಿಟ್ಟು ಎದ್ದು ನಿಂತು ನೋಡಿದರು.

ವಾರ ಕಳೆದು ಶೆಡ್ಡಿಗೆ ಹೋದರೆ, ನಮ್ಮದರ ಹಾಗೆಯೇ ಇರುವ ಇನ್ನೊಂದು ಹೊಚ್ಚ ಹೊಸ ಕಾರು ನಿಂತಿದೆ. ಎದುರಿನ ಹೋಟೆಲಿನವರದ್ದು! ಯಾರದ್ದೋ ಸರದಿಗೆ ಮೇಲಿಂದ ದುಡ್ಡು ಕೊಟ್ಟು ತಂದದ್ದಂತೆ. ಮೆಕ್ಯಾನಿಕ ಒಳಗಿನ ಹಿಡಿ ಬಿಚ್ಚುತ್ತಿದ್ದವ ತಲೆ ಎತ್ತಿ ಹೇಳಿದ: "ಸರ್, ನೀವು ಮೇಷ್ಟ್ರು, ನಿಮ್ಮ ಅಕ್ಷರ ಚಂದ ಉಂಟು. ನನಗೊಂದು ಬೋರ್ಡು ಬರೆದು ಕೊಡಿ. ಹಳೆ ಕಾರು ಸರಿ ಮಾಡಿ ಕೊಡಲಾಗುವುದು, ಹೊಸ ಕಾರು ಹಾಳು ಮಾಡಿ ಕೊಡಲಾಗುವುದು."