ಹೆಪ್ಪು ಕೇಳಲು ಹೋದದ್ದು

ಹೆಂಡತಿ ತೀರಿಕೊಂಡ ಮೇಲೆ ಗಂಡಸಿಗೆ ತಿಳಿಯುವ ಮೊದಲ ಸತ್ಯವೆಂದರೆ, ಹಾಲು ತಾನಾಗಿ ಮೊಸರಾಗುವುದಿಲ್ಲ. ಸಂಸಾರದುದ್ದಕ್ಕೂ ನನ್ನ ತಾಟಿನ ಪಕ್ಕ ಮೊಸರು ಇರುತ್ತಿತ್ತು. ಸೂರ್ಯ ಮೂಡಿದ ಹಾಗೆ ಅದೂ ಮೂಡುತ್ತದೆ ಎಂದುಕೊಂಡಿದ್ದೆ. ಕಮಲಾ ಹೋದಳು. ಸೂತಕ ಕಳೆಯಲು ಅಕ್ಕೋಳದಿಂದ ಬಂದ ಬೀಗರು ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿ ತೊಳೆದರು, ಅವಳು ಕಡೆಯ ಸಲ ಹೆಪ್ಪು ಹಾಕಿದ್ದ ಡಬರಿಯನ್ನೂ ಸೇರಿಸಿ. ಅವಳ ಕೈಯದೆಂದು ಮನೆಯಲ್ಲಿ ಜೀವಂತ ಉಳಿದಿದ್ದದ್ದು ಆ ಹೆಪ್ಪೊಂದೇ. ನಾನಂತೂ ಲೆಕ್ಕಕ್ಕಿಲ್ಲ.

ಅಂಗಡಿಯ ಪಾಕೀಟಿನ ಮೊಸರು ತಂದು ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದರೆ ಚಮಚ ಎತ್ತಿದಷ್ಟೂ ಅಂಟಿನ ಹಾಗೆ ಎಳೆ ಎಳೆಯಾಗಿ ಮೇಲೆ ಬರುತ್ತಿತ್ತು. ರಾಯಬಾಗದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ತಮ್ಮನ ಮಗಳು ಸುಜಾತಾ ಅದನ್ನು ನೋಡಿ ನಕ್ಕಳು.

"ದೊಡ್ಡಪ್ಪ, ಇದ್ರಾಗಿನ ಬ್ಯಾಕ್ಟೀರಿಯಾನ ಬ್ಯಾರೆ. ದೊಡ್ಡವ್ವನ ಹೆಪ್ಪಿನ್ಯಾಗಿನವು ಅಲ್ಲ."

"ಅವಕ್ಕೂ ಗುರ್ತು ಪರಿಚಯ ಇರ್ತೈತೇನು?"

"ಇರ್ತೈತಿ ಮತ್ತ! ಒಂದೊಂದೂ ತನ್ನ ಮೈಗ್ವಾಡಿಯ ಬಾಗಲದಿಂದ ಸಣ್ಣ ರಾಸಾಯನಿಕ ಹೊರಗ ನೂಕ್ತೈತಿ. 'ನಾ ಇಲ್ಲಿ ಅದೀನಿ' ಅಂದಂಗ. ಅದು ಸುತ್ತೂಕಡೆ ದಟ್ಟ ಆತಂದ್ರ, ಮಂದಿ ಸಾಕಷ್ಟು ಕೂಡೇತಿ ಅಂತ ಎಲ್ಲಾಕ್ಕೂ ತಿಳೀತೈತಿ. ಆಮ್ಯಾಲ ಕೂಡೇ ಕೆಲಸಕ್ಕ ಹತ್ತತಾವು."

"ಅದರಿಂದನ ಮೊಸರಾಗೂದು?"

"ಅಲ್ಲ, ಅದು ಹುಳಿಯಿಂದ. ಇದು ಬರೇ ಅವುಗಳ ಹರಟಿ."

"ಮಾತು ಒಳಗ ಇಟ್ಕೊಂಡ್ರ?"

"ಯಾರಿಗಿ ಕೇಳಸ್ತೈತಿ, ದೊಡ್ಡಪ್ಪ?" ಎಂದು ನನ್ನನ್ನೇ ನೋಡಿದಳು.

ಅವಳು ನೋಡಿದ್ದರಲ್ಲಿ ಅರ್ಥವಿತ್ತು. ನಾನು ಹಾಲಿನವನಿಗೂ ಬೆರಳಿನಲ್ಲೇ ಲೀಟರು ತೋರಿಸುವವನು. ನಮ್ಮ ಮನೆಯಲ್ಲಿ ಮಾತಿನ ರಫ್ತು ವ್ಯವಹಾರವೆಲ್ಲ ಕಮಲಾಳದೇ. ಪಾಲಬಾವಿಯ ನಮ್ಮ ಓಣಿಯ ಮನೆಮನೆಯಲ್ಲೂ ಅವಳ ಹೆಪ್ಪೇ ಇತ್ತು. ಅವರೆಲ್ಲ ನನಗೆ ರೊಟ್ಟಿ ಕಳಿಸಿದರು, ಪಲ್ಯ ಕಳಿಸಿದರು. ಹೆಪ್ಪು ಮಾತ್ರ ಇಲ್ಲ. ಕೇಳದವರ ಮನೆಗೆ ಹೆಪ್ಪು ಒಯ್ಯುವ ರೂಢಿ ನಮ್ಮಲ್ಲಿಲ್ಲ.

ಕಡೆಗೆ ಒಂದು ಸಂಜೆ ಬಟ್ಟಲು ಹಿಡಿದು ಪಕ್ಕದ ಮನೆಯ ಪದ್ಮವ್ವನ ಬಾಗಿಲಿಗೆ ಹೋದೆ.

"ಬರ್ರಿ ಕಾಕಾರ. ಏನ ಬೇಕಾಗಿತ್ರಿ?"

"ಏನಿಲ್ಲ" ಎಂದು ತಿರುಗಿದೆ. ಕಟ್ಟೆ ಇಳಿಯುವಾಗ, ಕಣ್ಣಿಗೆ ಕಾಣದ ಹುಳಕ್ಕಿರುವ ಧೈರ್ಯ ನನಗಿಲ್ಲವಲ್ಲ ಎಂದು ನಾಚಿಕೆಯಾಯಿತು. ಮತ್ತೆ ಹತ್ತಿದೆ.

"ಹೆಪ್ಪು ಬೇಕಿತ್ತವ್ವ. ಆಕೀದು."

ಪದ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹಣೆ ಬಡಿದುಕೊಂಡಳು. "ಈಗರ ದೀಪ ಹಚ್ಚೇನ್ರಿ ಕಾಕಾರ! ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರ್ದು. ನಿಮಗ ಬಾಯಿ ಬಂದ ಹೊತ್ತರ ನೋಡ್ರಿ!"

ಬೆಳಗಾಗುವಷ್ಟರಲ್ಲಿ 'ಕಾಕಾ ಬಾಯಿ ಬಿಟ್ಟಾರಂತ' ಎಂಬ ಸುದ್ದಿ ಓಣಿಯಲ್ಲಿ ದಟ್ಟವಾಗಿತ್ತು. ಮನೆಗೊಬ್ಬರಂತೆ ಎಲ್ಲರೂ ಕೂಡಿಯೇ ಬಂದರು. ಹೆಪ್ಪಿನ ಬಟ್ಟಲುಗಳನ್ನಿಡಲು ಅಡುಗೆಮನೆಯಲ್ಲಿ ಜಾಗ ಸಾಲಲಿಲ್ಲ. ಅಷ್ಟಕ್ಕೆಲ್ಲ ಹಾಲು ಎಲ್ಲಿಂದ ತರಲಿ?

ಮರುದಿನ ಮೊಸರು ಗಟ್ಟಿಯಾಗಿ ಕೂತಿತ್ತು. ಬಾಯಿಗಿಟ್ಟೆ, ಅವಳದೇ ಹುಳಿ. "ಚಲೋ ಆಗೇತಿ ನೋಡು" ಎಂದೆ, ಜೋರಾಗಿಯೇ.

"ಏನರ ಅಂದ್ರೇನ್ರಿ ಕಾಕಾರ?" ಗೋಡೆಯಾಚೆಯಿಂದ ಪದ್ಮವ್ವ.

"ಏನಿಲ್ಲ" ಎಂದೆ. ಬ್ಯಾಕ್ಟೀರಿಯಾದ ಮಟ್ಟಕ್ಕೆ ಏರಲು ನನಗೆ ಇನ್ನೂ ಸ್ವಲ್ಪ ಸಮಯ ಬೇಕು.